ಮಿಷನ್ ಸೇವೆಯ ಮೊದಲ ವರ್ಷ ಭಾಷೆಗೇ ಮೀಸಲಿರಲಿ

ಕಳೆದ ರಜೆಯಲ್ಲಿ ಬೀದರಕ್ಕೆ ಬಂದಿದ್ದಾಗ, ಮಂಗಲಪೇಟೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಕೈಹಿಡಿದು, "ಅಲ್ಲಿ ಭಾಳ ತ್ರಾಸ್ ಅದೇನಪ್ಪಾ?" ಎಂದು ಕೇಳಿದರು. ಆಫ್ರಿಕಾದ ಮಲಾವಿ ದೇಶದ ಹಳ್ಳಿಯೊಂದರ ಮಿಷನ್ ದವಾಖಾನೆಯಲ್ಲಿ ಉಗ್ರಾಣವನ್ನೂ ಲೆಕ್ಕಪತ್ರವನ್ನೂ ನೋಡಿಕೊಳ್ಳುವ ನಾನು, ಕರೆಂಟಿಲ್ಲ, ಡೀಸೆಲ್ ಸಿಗುವುದಿಲ್ಲ, ಮಲೇರಿಯಾ ಎರಡು ಸಲ ಬಂದು ಹೋಯಿತು ಎಂದು ಅವರು ನಿರೀಕ್ಷಿಸಿದ್ದ ಉತ್ತರವನ್ನೇ ಕೊಟ್ಟೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ನಿಜವಾದ ತ್ರಾಸು ಅದಾಗಿರಲಿಲ್ಲ.

2022ರ ಜನವರಿಯಲ್ಲಿ ಬೀಸಿದ ಅನಾ ಚಂಡಮಾರುತವು ಶೀರೆ ನದಿಯ ಕಪಿಚಿರಾ ಅಣೆಕಟ್ಟನ್ನು ಒಡೆದು ಹಾಕಿದಾಗ, ಸುಮಾರು 130 ಮೆಗಾವಾಟ್ ವಿದ್ಯುತ್ತು ಒಮ್ಮೆಲೇ ಇಲ್ಲವಾಗಿ ದೇಶವೇ ಕತ್ತಲಲ್ಲಿ ಕುಳಿತಿತು. 2023ರ ನವೆಂಬರಿನಲ್ಲಿ ಅಲ್ಲಿನ ಹಣವಾದ ಕ್ವಾಚಾ ಡಾಲರಿನೆದುರು ಶೇ. 44ರಷ್ಟು ಅಪಮೌಲ್ಯಗೊಂಡಾಗ, ಹೊಸ ಕೋಣೆಯ ಸಿಮೆಂಟಿಗೆಂದು ತೆಗೆದಿಟ್ಟಿದ್ದ ಮೊತ್ತ ಸಾಲದೆ ಗೋಡೆ ಕಿಟಕಿಯ ಮಟ್ಟಕ್ಕೇ ನಿಂತಿತು. ಇವೆಲ್ಲ ದೊಡ್ಡ ಹಿನ್ನಡೆಗಳೇ, ಆದರೂ ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಮೊದಲೇ ಕೊಡಗಳನ್ನು ಸಾಲಿಗಿಟ್ಟು ಬೆಳೆದ ಬೀದರದವನಿಗೆ ಇಲ್ಲದಿರುವುದರ ಜೊತೆ ಬಾಳುವುದು ಹೊಸ ವಿದ್ಯೆಯಲ್ಲ. ಊಟವಂತೂ ಹೊಂದಿಕೊಂಡೇಬಿಟ್ಟಿತು. ಎನ್ಸಿಮಾ ಎಂದು ಅವರು ಕರೆಯುವ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯನ್ನು ಸೊಪ್ಪಿನ ಪಲ್ಯದೊಡನೆ ಬಲಗೈಯಿಂದ ಮುರಿದು ತಿನ್ನುವಾಗ ನನಗೆ ಪುಂಡಿಪಲ್ಯದ ನೆನಪಾಗುತ್ತದೆ. ಶೇಂಗಾ ಹಿಂಡಿಯ ಡಬ್ಬಿಯೊಂದನ್ನು ಮಾತ್ರ ಪ್ರತಿ ಸಲವೂ ಊರಿನಿಂದಲೇ ಒಯ್ಯುತ್ತೇನೆ.

ನಾನು ಎಡವಿದ್ದು ಬೇರೆ ಕಡೆ. ಎರಡನೆಯ ವರ್ಷದ ಒಂದು ರಾತ್ರಿ, ಹೋಗಿದ್ದ ಕರೆಂಟು ಜೋರಾಗಿ ಮರಳಿ ಬಂದ ಹೊತ್ತಿಗೆ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತು. ಹೆರಿಗೆ ವಾರ್ಡಿಗೆ ಬೆಳಗಿನ ನೀರಿಲ್ಲ. ನನ್ನ ತಂದೆಯ ವಯಸ್ಸಿನ ಕಾವಲುಗಾರ ಓಡಿಬಂದು, ನನ್ನ ಮುಖ ನೋಡಿ, "ಪೆಪಾನಿ, ಪೆಪಾನಿ" ಎಂದರು. ಆ ಮಾತಿಗೆ ಕ್ಷಮಿಸಿ ಎಂಬ ಅರ್ಥವೆಂದಷ್ಟೇ ತಿಳಿದಿದ್ದ ನಾನು, ಸ್ವಿಚ್ಚು ಆರಿಸುವುದನ್ನು ಮರೆತದ್ದು ಅವರೇ, ಅದನ್ನೀಗ ಒಪ್ಪಿಕೊಳ್ಳುತ್ತಿದ್ದಾರೆ ಎಂದುಕೊಂಡು ಎಲ್ಲರ ಮುಂದೆ ಕೂಗಾಡಿದೆ. ಅದೂ "ಇವೆ" ಎಂದು ಕರೆದು. ಓಣಿಯ ಮಕ್ಕಳು ಒಬ್ಬರನ್ನೊಬ್ಬರು ಹಾಗೆ ಕರೆಯುವುದನ್ನು ಕೇಳಿ ಕಲಿತ ಮಾತು ಅದು.

ಆಗಿದ್ದೇನೆಂದು ಮರುದಿನ ನರ್ಸ್ ಒಬ್ಬರು ಬಿಡಿಸಿ ಹೇಳಿದರು. ಚಿಚೇವಾ ಭಾಷೆಯಲ್ಲಿ "ಪೆಪಾನಿ" ತಪ್ಪೊಪ್ಪಿಗೆಗೂ ಸಲ್ಲುತ್ತದೆ, ಇನ್ನೊಬ್ಬರ ಕಷ್ಟಕ್ಕೆ ಮರುಗುವುದಕ್ಕೂ ಸಲ್ಲುತ್ತದೆ. ದಾರಿಯಲ್ಲಿ ಎಡವಿದವನಿಗೆ ಅಪರಿಚಿತರು ಹೇಳುವುದೂ ಅದನ್ನೇ, ನಮ್ಮವರು "ಅಯ್ಯೋ ಪಾಪ" ಎನ್ನುವಂತೆ. ಮುದುಕ ನನಗಾಗಿ ಮರುಗುತ್ತಿದ್ದರು. ಇನ್ನು "ಇವೆ" ಎಂದರೆ ನೀನು, "ಇನು" ಎಂದರೆ ನೀವು. ಹಿರಿಯರಿಗೆ ಬಹುವಚನ ಬಿಟ್ಟು ಮಾತಾಡಬಾರದೆಂಬ ಕಟ್ಟುನಿಟ್ಟು ಕನ್ನಡದಲ್ಲಿ ಇರುವ ಹಾಗೆಯೇ ಅಲ್ಲಿಯೂ ಇದೆ. ಊರಿನಲ್ಲಾಗಿದ್ದರೆ ಅಂಥವರನ್ನು ಕಾಕಾ ಎನ್ನದೆ ಬಾಯಿ ತೆರೆಯದವನು ನಾನು. ಕ್ಷಮೆ ಕೇಳಲು ಹೋದಾಗ ನನ್ನಲ್ಲಿದ್ದದ್ದೂ ಆ "ಪೆಪಾನಿ" ಒಂದೇ. ಅವರು ನಕ್ಕರು, ಆದರೆ ತಿಂಗಳುಗಟ್ಟಲೆ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಬೀದರದವರಾದ ನಮಗೆ ಭಾಷೆಯ ವಿಷಯದಲ್ಲಿ ಸ್ವಲ್ಪ ಗರ್ವವಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಉದಗೀರದ ಕಡೆಯವರೊಡನೆ ಮರಾಠಿ, ಜಹೀರಾಬಾದಿನವರೊಡನೆ ತೆಲುಗು, ಹೀಗೆ ನಾಲ್ಕು ನುಡಿಗಳನ್ನು ಪುಸ್ತಕ ಹಿಡಿಯದೆ ಕಲಿತವರು ನಾವು. ಐದನೆಯದೂ ಹಾಗೆಯೇ ಬರುತ್ತದೆಂದು ನಾನು ನಂಬಿದ್ದೆ. ಬಾಲ್ಯದಲ್ಲಿ ಓಣಿ ನಮಗೆ ಕಲಿಸುತ್ತದೆ. ನಲವತ್ತು ದಾಟಿದವನಿಗೆ, ಅದರಲ್ಲೂ ದವಾಖಾನೆಯ ಕಡತಗಳೆಲ್ಲ ಇಂಗ್ಲಿಷಿನಲ್ಲೇ ಇರುವಾಗ, ಓಣಿ ಏನನ್ನೂ ಕಲಿಸುವುದಿಲ್ಲ.

ಹಿಂದಿನವರು ಹೀಗಿರಲಿಲ್ಲ. ಬಾಸೆಲ್ ಮಿಷನ್ನಿನ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದಕ್ಕೆ ಎರಡೇ ವರ್ಷ ಮೊದಲು, 1892ರಲ್ಲಿ, ಮಲಾವಿಯ ಬ್ಲಾಂಟೈರ್‌ನಲ್ಲಿದ್ದ ಸ್ಕಾಟ್ಲೆಂಡಿನ ಮಿಷನರಿ ಡೇವಿಡ್ ಕ್ಲೆಮೆಂಟ್ ಸ್ಕಾಟ್, ಚಿಚೇವಾದ ಹತ್ತಿರದ ನಂಟಿನ ಮಂಗಾಂಜ ನುಡಿಯ ದೊಡ್ಡ ನಿಘಂಟನ್ನು ಹೊರತಂದಿದ್ದರು. ಆ ಕಾಲದ ಮಿಷನರಿಗಳಲ್ಲಿ ದೊರೆತನದ ಗತ್ತು ಇದ್ದವರು ಎಷ್ಟೋ ಜನ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ನಮ್ಮ ಅಜ್ಜಿ ಹೇಳುತ್ತಿದ್ದ ಅಮೆರಿಕದ ಮಿಸ್ಸಮ್ಮ, ಸೊಟ್ಟ ಕನ್ನಡದಲ್ಲೇ ಆದರೂ, ಔಷಧ ಕೊಡುವ ಮೊದಲು ಎಮ್ಮೆ ಈದಿತೇ ಎಂದು ವಿಚಾರಿಸುತ್ತಿದ್ದರಂತೆ. ದೇವರ ಮಾತು ಜನರ ಮಾತಿನಲ್ಲೇ ಆಗಬೇಕೆಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಕಡಲಾಚೆಯಿಂದ ಬಂದು ಹೇಳಬೇಕಾಗಿಯೂ ಇಲ್ಲ. ಶರಣರು ವಚನಗಳನ್ನು ಆಡಿದ ಕಲ್ಯಾಣ ಬೀದರದಿಂದ ದೂರದಲ್ಲೇನೂ ಇಲ್ಲ.

ಆದ್ದರಿಂದ ನಮ್ಮ ಕಡೆಯಿಂದ ಹೊರದೇಶಕ್ಕೆ ಹೊರಡುವವರಿಗೆ ಮೊದಲ ವರ್ಷ ಯಾವ ಹುದ್ದೆಯನ್ನೂ ಕೊಡದೆ, ಭಾಷೆ ಕಲಿಯುವುದನ್ನೇ ಕೆಲಸವೆಂದು ಎಣಿಸಬೇಕೆಂಬುದು ನನ್ನ ವಾದ. ಎರಡು ವರ್ಷದ ಪರವಾನಗಿಯಲ್ಲಿ ಒಂದು ವರ್ಷ ಪಾಠಕ್ಕೇ ಹೋದರೆ ದಾನಿಗಳಿಗೆ ತೋರಿಸುವುದೇನು ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ಸಣ್ಣದಲ್ಲ. ಆದರೆ ಭಾಷೆ ಬಾರದವನು ತೋರಿಸುವ ಎರಡು ವರ್ಷದ ಕೆಲಸದಲ್ಲಿ ಹೆಚ್ಚಿನದು ಗೋಡೆ, ಮೋಟಾರು, ಛಾಯಾಚಿತ್ರ ಎಂಬುದನ್ನು ಲೆಕ್ಕ ಬರೆಯುವ ನಾನೇ ಬಲ್ಲೆ.

ಈಗ ವಾರಕ್ಕೆ ಮೂರು ಸಂಜೆ ಹಳ್ಳಿಯ ನಿವೃತ್ತ ಮೇಷ್ಟರೊಬ್ಬರ ಬಳಿ ಪಾಠಕ್ಕೆ ಹೋಗುತ್ತೇನೆ. ಅವರಿಗೆ ಕೊಡುವ ಗೌರವಧನವನ್ನು ಯಾವ ಬಾಬಿನಲ್ಲಿ ಬರೆಯಲಿ ಎಂದು ನನ್ನನ್ನು ಕಳುಹಿಸಿದ ಸಮಿತಿಗೆ ಕಾಗದ ಬರೆದಿದ್ದೆ. ಅಂಥ ಬಾಬು ನಮೂನೆಯಲ್ಲಿ ಇಲ್ಲ, "ಇತರೆ" ಎಂಬಲ್ಲಿ ಸೇರಿಸಿರಿ ಎಂದು ಉತ್ತರ ಬಂತು. ಸೇರಿಸಿದ್ದೇನೆ, ಪೊರಕೆ, ಮೇಣದಬತ್ತಿ ಮತ್ತು ಇಲಿಬೋನುಗಳ ಕೆಳಗೆ.