ಹಿಂದಿ ಬಲ್ಲವರ ಪಕ್ಕದ ಜಾಗ

ಪುಣೆಯಲ್ಲಿ ನನ್ನ ವಯಸ್ಸಿನ ಮರಾಠಿ ಗೆಳೆಯರೊಡನೆ ಹಳೆಯ ದೂರದರ್ಶನದ ಮಾತು ಬಂದರೆ ಹೆಸರುಗಳೆಲ್ಲ ಒಂದೇ ಆಗಿರುತ್ತವೆ. ‘ಹಮ್ ಲೋಗ್’, ‘ರಾಮಾಯಣ’, ‘ಮಹಾಭಾರತ’, ‘ಮಾಲ್ಗುಡಿ ಡೇಸ್’ ಎಂದು ಅವರು ನೆನೆಯುವುದನ್ನೇ ದಾವಣಗೆರೆಯಲ್ಲಿ ಬೆಳೆದ ನಾನೂ ನೆನೆಯುತ್ತೇನೆ. ಆದರೆ ಮಾತು ಸ್ವಲ್ಪ ಮುಂದುವರಿದರೆ ನಮ್ಮ ನೆನಪುಗಳು ಬೇರೆಯಾಗುತ್ತವೆ. ಅವರು ನಟರ ಬಗ್ಗೆ, ಸಂಭಾಷಣೆಯ ಬಗ್ಗೆ, ಯಾವ ಪ್ರಸಂಗವನ್ನು ಯಾರು ಹೇಗೆ ಆಡಿದರು ಎಂಬುದರ ಬಗ್ಗೆ ಹೇಳುತ್ತಾರೆ. ನನಗೆ ಮೊದಲು ನೆನಪಾಗುವವರು ಪರದೆಯ ಮುಂದೆ ಕುಳಿತಿದ್ದವರು, ಅದರಲ್ಲೂ ಅಲ್ಲಿ ನಡೆಯುತ್ತಿರುವುದೇನೆಂದು ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದವರು. ಆಗಿನ ಕಾರ್ಯಕ್ರಮಗಳು ಚೆನ್ನಾಗಿದ್ದವು, ಅದಕ್ಕೇ ಆ ಸುಖ ಎಂದು ಈಗ ಎಲ್ಲರೂ ಹೇಳುತ್ತಾರೆ. ನಮ್ಮ ಊರಿನ ಮಟ್ಟಿಗೆ ಅದು ಅರ್ಧ ಮಾತ್ರ ನಿಜ ಎಂದು ನನ್ನ ಅನಿಸಿಕೆ. ಉಳಿದರ್ಧ ಸುಖ ಆ ಕಾರ್ಯಕ್ರಮಗಳು ನಮ್ಮ ಮಾತಿನಲ್ಲಿ ಇರಲಿಲ್ಲ ಎಂಬುದರಿಂದಲೇ ಬಂದದ್ದು.

ಪುಣೆಯವರಿಗೆ ಈ ಅವಸ್ಥೆ ಇರಲಿಲ್ಲ. ಮುಂಬೈ ದೂರದರ್ಶನ ಕೇಂದ್ರ 1972ರ ಅಕ್ಟೋಬರ್ 2ರಂದೇ ಆರಂಭವಾಗಿತ್ತು. ಮರುವರ್ಷ ಸಿಂಹಗಡದ ಮೇಲಿನ ಮರುಪ್ರಸಾರ ಕೇಂದ್ರದ ಮೂಲಕ ಅದರ ಕಾರ್ಯಕ್ರಮಗಳು ಪುಣೆಗೂ ಬರತೊಡಗಿದವು. ಚಿ. ವಿ. ಜೋಶಿಯವರ ಹಾಸ್ಯಕಥೆಗಳ ಚಿಮಣರಾವ್ ಮತ್ತು ಗುಂಡ್ಯಾಭಾವು ಎಪ್ಪತ್ತರ ದಶಕದಲ್ಲೇ ಅಲ್ಲಿಯ ಮನೆಗಳೊಳಗೆ ಕಾಲಿಟ್ಟಿದ್ದರು. ಚಿಮಣರಾವ್ ಪಾತ್ರ ಮಾಡಿದ ದಿಲೀಪ್ ಪ್ರಭಾವಳ್ಕರ್ ಅವರ ಧಾಟಿಯನ್ನು ನನ್ನ ಸಹೋದ್ಯೋಗಿಯೊಬ್ಬರು ಇಂದಿಗೂ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತಾಗ ಅನುಕರಿಸುತ್ತಾರೆ. ಮರಾಠಿ ನಾಟಕದ ನಟರೇ ಟಿ.ವಿ.ಗೂ ಬಂದಿದ್ದರಿಂದ ಮನೆಯ ಹಿರಿಯರು ರಂಗಮಂದಿರದಲ್ಲಿ ಕುಳಿತಂತೆಯೇ ಕುಳಿತು ನೋಡುತ್ತಿದ್ದರಂತೆ. ಹಳೆಯ ವಾಡೆಗಳಲ್ಲಿ ನೆರೆಹೊರೆಯವರು ಒಂದೇ ಸೆಟ್ಟಿನ ಮುಂದೆ ಸೇರುವುದು ಅಲ್ಲಿಯೂ ಇತ್ತು. ಆದರೆ ಮಕ್ಕಳು ಬಾಯಿ ತೆರೆದರೆ ಗದರುತ್ತಿದ್ದರು, ಏಕೆಂದರೆ ಮಾತಾಡಿದರೆ ಮಾತು ತಪ್ಪಿಹೋಗುತ್ತದೆ. ನಮ್ಮಲ್ಲಿ ಯಾರಾದರೂ ಮಾತಾಡದಿದ್ದರೆ ಏನೂ ತಿಳಿಯುತ್ತಿರಲಿಲ್ಲ.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ರಾಜ್ಯೋತ್ಸವದ ದಿನ. ಅದಕ್ಕೂ ಮೊದಲು, 1975-76ರಲ್ಲಿ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗವೊಂದು ನಡೆದಿತ್ತು. ಕರ್ನಾಟಕದಲ್ಲಿ ಅದರ ಭಾಗ್ಯ ಸಿಕ್ಕಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಚಿತ್ರದುರ್ಗ ಜಿಲ್ಲೆ ಅದರಲ್ಲಿ ಇರಲಿಲ್ಲ. ದಾವಣಗೆರೆ ಆಗ ಅದೇ ಜಿಲ್ಲೆಯ ತಾಲ್ಲೂಕಾಗಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ನಮ್ಮ ನಿಟುವಳ್ಳಿಯ ಓಣಿಗೆ ಟಿ.ವಿ. ಬಂದಾಗ ಅದು ಹೆಚ್ಚಾಗಿ ದೆಹಲಿಯ ಹಿಂದಿಯನ್ನೇ ಹೊತ್ತು ತಂದಿತು. ಮಾಳಿಗೆಯ ಮೇಲಿನ ಆಂಟೆನಾ ತಿರುಗಿಸಿದ ಕಥೆ ಎಲ್ಲ ಊರಿನವರೂ ಹೇಳುವಂಥದ್ದೇ ಆದ್ದರಿಂದ ಅದನ್ನು ಬಿಡುತ್ತೇನೆ. ಮರದ ಮಡಿಚುಬಾಗಿಲು ಇದ್ದ ಕಪ್ಪು-ಬಿಳುಪಿನ ಆ ಸೆಟ್ಟಿಗೆ ಮನೆಯವರು ಬೀಗ ಹಾಕುತ್ತಿದ್ದರು. ಬೀಗದ ಕೈ ಹಿರಿಯ ಸೊಸೆಯ ಸೊಂಟದಲ್ಲಿರುತ್ತಿತ್ತು.

1984ರ ಜುಲೈಯಿಂದ ಮುಂದಿನ ವರ್ಷದ ಕೊನೆಯವರೆಗೆ ‘ಹಮ್ ಲೋಗ್’ ನಡೆಯಿತು. ಆ ಪಡಸಾಲೆಯಲ್ಲಿ ಸೇರುತ್ತಿದ್ದವರಲ್ಲಿ ಅದರ ಹಿಂದಿ ಸಲೀಸಾಗಿ ತಿಳಿಯುತ್ತಿದ್ದುದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಸಾಬರೊಬ್ಬರಿಗೆ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಮನೆಯಲ್ಲಿ ಉರ್ದು ಮಾತಾಡುತ್ತಿದ್ದ ಅವರಿಗೆ ಆ ಕುಟುಂಬದ ಜಗಳಗಳೆಲ್ಲ ನೇರವಾಗಿ ಅರ್ಥವಾಗುತ್ತಿದ್ದವು. “ಏನಂದ್ನಪ್ಪಾ ಈಗ?” ಎಂದು ಅಜ್ಜಿಯೊಬ್ಬರು ಕೇಳಿದರೆ ಚಾಚಾ ಒಂದು ಮಾತಿನ ಅರ್ಥ ಹೇಳಿ, ಅದರ ಬೆನ್ನಿಗೇ ಕುಡುಕ ಗಂಡನ ಮೇಲೆ ತಮ್ಮ ತೀರ್ಪನ್ನೂ ಸೇರಿಸುತ್ತಿದ್ದರು. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಬುದ್ಧಿ ಹೇಳುವುದು ವಾಡಿಕೆಯಾಗಿತ್ತು. ಅದನ್ನು ಚಾಚಾ ಎಷ್ಟು ಚುಟುಕಾಗಿ ಮುಗಿಸುತ್ತಿದ್ದರೆಂದರೆ, ದೊಡ್ಡ ನಟ ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ ಎಂದು ಹೆಂಗಸರು ನಗುತ್ತಿದ್ದರು. ಅವರ ಕೈಗೆ, ಅಂಗಿಯ ತೋಳಿಗೆ ಭಟ್ಟಿಯ ಕಾದ ಮರಳಿನ ವಾಸನೆ ಅಂಟಿರುತ್ತಿತ್ತು. ಅವರ ಪಕ್ಕ ಕುಳಿತವರಿಗೆ ಕಥೆ ಮೊದಲು ಸಿಗುತ್ತಿದ್ದುದರಿಂದ ಮಕ್ಕಳಲ್ಲಿ ಆ ಜಾಗಕ್ಕೆ ನೂಕುನುಗ್ಗಲು.

ಎರಡು ವರ್ಷದಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. 1987ರ ಜನವರಿಯಲ್ಲಿ, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ರಾಮಾಯಣ ಆರಂಭವಾದಾಗ ಅದರ ಸಂಸ್ಕೃತಮಯ ಹಿಂದಿ ಚಾಚಾಗೆ ತೊಡಕಾಯಿತು. ಅದೇ ಮಾತು ಅಜ್ಜಿಯರಿಗೆ ಮುಕ್ಕಾಲು ಭಾಗ ತಿಳಿಯುತ್ತಿತ್ತು, ಏಕೆಂದರೆ ಅದರಲ್ಲಿನ ದೊಡ್ಡ ಪದಗಳೆಲ್ಲ ಹರಿಕಥೆಯಲ್ಲಿ, ಬಯಲಾಟದಲ್ಲಿ, ಪುರಾಣ ಪ್ರವಚನದಲ್ಲಿ ಅವರ ಕಿವಿಗೆ ಬಿದ್ದವೇ ಆಗಿದ್ದವು, ಕಥೆಯಂತೂ ಬಾಯಿಪಾಠವಾಗಿತ್ತು. ಈಗ ಚಾಚಾ ಕೇಳುವುದು, ಅಜ್ಜಿ ಹೇಳುವುದು. 1988ರ ಅಕ್ಟೋಬರ್‌ನಿಂದ ಮಹಾಭಾರತ ಬಂದಾಗಲೂ ಇದೇ ಮುಂದುವರಿಯಿತು. ಆ ಮಹಾಭಾರತದ ಸಂಭಾಷಣೆಯನ್ನು ಬರೆದವರು ಉರ್ದು-ಹಿಂದಿಯ ದೊಡ್ಡ ಲೇಖಕ ರಾಹಿ ಮಾಸೂಮ್ ರಜಾ ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ; ಗೊತ್ತಾಗಿದ್ದರೆ ಚಾಚಾ ಅಜ್ಜಿಯರನ್ನು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ.

ಈಗ ಇದೆಲ್ಲದರ ಅಗತ್ಯವಿಲ್ಲ. 2020ರ ಲಾಕ್‌ಡೌನಿನಲ್ಲಿ ಹಳೆಯ ರಾಮಾಯಣ ಮಾರ್ಚ್ 28ರಿಂದ ದೂರದರ್ಶನದಲ್ಲಿ ಮರುಪ್ರಸಾರವಾಯಿತು. ಅದೇ ವರ್ಷ, 2013ರಲ್ಲಿ ಹಿಂದಿಯಲ್ಲಿ ಬಂದಿದ್ದ ಇನ್ನೊಂದು ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಪ್ರಸಾರವಾಯಿತು. ದಾವಣಗೆರೆಯಲ್ಲಿದ್ದ ನನ್ನ ತಾಯಿ ಎರಡನೆಯದನ್ನು ಬಿಡದೆ ನೋಡಿದರು. ಡಬ್ಬಿಂಗ್ ಬಂದರೆ ಕನ್ನಡ ಕೆಡುತ್ತದೆ, ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ವಾದವನ್ನು ಊರಿನಲ್ಲಿದ್ದಾಗ ನಾನೂ ಕೇಳಿದ್ದೇನೆ. ಹೊರನಾಡಿನಲ್ಲಿದ್ದು ನೋಡುವವನಿಗೆ ಅದರ ಮೊದಲ ಭಾಗ ಒಪ್ಪಿಗೆಯಾಗುವುದು ಕಷ್ಟ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಯಾರ ಹಂಗೂ ಇಲ್ಲದೆ ತಮ್ಮ ಭಾಷೆಯಲ್ಲಿ ಭೀಷ್ಮನ ಮಾತು ಕೇಳುವುದರಲ್ಲಿ ಕೆಡುಕೇನೂ ನನಗೆ ಕಾಣಲಿಲ್ಲ. ಆದರೆ ಫೋನಿನಲ್ಲಿ ಅವರು ಕಥೆಗಿಂತ ಹೆಚ್ಚಾಗಿ ಹೇಳುತ್ತಿದ್ದುದು ಆ ಹಳೆಯ ಪಡಸಾಲೆಯಲ್ಲಿ ಯಾರು ಯಾವ ಮೂಲೆಯಲ್ಲಿ ಕುಳಿತಿರುತ್ತಿದ್ದರು, ಯಾರು ಯಾವ ಪ್ರಸಂಗಕ್ಕೆ ಅತ್ತರು ಎಂಬುದನ್ನೇ. ಸುಲಭವಾಗಿ ತಿಳಿದದ್ದನ್ನು ಹಂಚಿಕೊಳ್ಳಲು ಜನ ಬೇಕಾಗುವುದಿಲ್ಲ, ಆದ್ದರಿಂದ ಜನ ಬರುವುದಿಲ್ಲ. ಲಾಕ್‌ಡೌನ್ ತೆರವಾದ ಮೇಲೂ ಯಾರೂ ಬರಲಿಲ್ಲ.

ಪುಣೆಯವರಂತೆ ಮೌನವಾಗಿ ನೋಡುವ ಅಭ್ಯಾಸ ನಮಗೆ ಇಲ್ಲದಿರಲು ಇನ್ನೊಂದು ಕಾರಣವೂ ಇದೆ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಜನ ನಟನಿಗೆ ಎದುರುತ್ತರ ಕೊಡುವುದನ್ನು, ಮೆಚ್ಚಿದ ಹಾಡಿಗೆ ‘ಒನ್ಸ್ ಮೋರ್’ ಕೂಗುವುದನ್ನು ತಮ್ಮ ಹಕ್ಕೆಂದು ತಿಳಿದಿದ್ದರು. ಅವರು ಟಿ.ವಿ.ಯ ಮುಂದೆಯೂ ಹಾಗೆಯೇ ವರ್ತಿಸಿದರು. ಮಂಥರೆಗೆ ಬಿದ್ದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ದುಃಖದ ಸಂಗತಿಯೆಂದರೆ, ಮರಾಠಿಯಲ್ಲಿ ನಾಟಕದ ನಟರು ಟಿ.ವಿ.ಗೆ ನಡೆದುಬಂದಷ್ಟು ಸಲೀಸಾಗಿ ನಮ್ಮ ಕಂಪನಿ ನಟರು ಬರಲಿಲ್ಲ. ಕನ್ನಡ ಧಾರಾವಾಹಿ ಆರಂಭವಾದಾಗ ಅದನ್ನು ಕಟ್ಟಿದವರಲ್ಲಿ ಬೆಂಗಳೂರಿನ ಹವ್ಯಾಸಿ ರಂಗಭೂಮಿಯವರೇ ಹೆಚ್ಚು.

‘ಮಾಲ್ಗುಡಿ ಡೇಸ್’ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಹಕ್ಕು ಸಾಧಿಸುತ್ತೇವೆ. ಶಂಕರ್ ನಾಗ್ ಮತ್ತು ಅನಂತ್ ನಾಗ್ ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು ಎಂದು ಪುಣೆಯ ಗೆಳೆಯರು ನೆನಪಿಸುತ್ತಾರೆ. ಶೀರ್ಷಿಕೆಯ ಚಿತ್ರಗಳನ್ನು ಬರೆದ ಆರ್. ಕೆ. ಲಕ್ಷ್ಮಣ್ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ತಮ್ಮ ಊರಿನಲ್ಲಿಯೇ ಎಂಬುದನ್ನೂ ಸೇರಿಸುತ್ತಾರೆ. ನಾನು ಆಗುಂಬೆಯನ್ನು, ಸ್ವಾಮಿಯ ತಂದೆಯಾಗಿದ್ದ ಗಿರೀಶ್ ಕಾರ್ನಾಡರನ್ನು, ಮಾಸ್ಟರ್ ಮಂಜುನಾಥನನ್ನು ಮುಂದಿಡುತ್ತೇನೆ. ನಮ್ಮದೇ ಹೆಂಚಿನ ಮನೆ, ನಮ್ಮದೇ ಮಳೆ, ನಮ್ಮದೇ ನಟರು, ಮಾತು ಹಿಂದಿ. ನಮ್ಮ ಪಡಸಾಲೆಯಲ್ಲಿ ಈ ವಿಚಿತ್ರವನ್ನು ಯಾರೂ ವಿಚಿತ್ರವೆನ್ನಲಿಲ್ಲ, ಟಿ.ವಿ.ಯಲ್ಲಿ ಕಾಣಿಸಿಕೊಳ್ಳಬೇಕಾದರೆ ನಮ್ಮವರೂ ಹಿಂದಿ ಮಾತಾಡಬೇಕಾಗುತ್ತದೆ ಎಂದು ಸಹಜವಾಗಿ ನಂಬಿದ್ದೆವು.

ಆಮೇಲೆ ಕನ್ನಡ ಧಾರಾಳವಾಗಿಯೇ ಬಂತು. ‘ಗುಡ್ಡದ ಭೂತ’ಕ್ಕೆ ನಾವು ಹೆದರಿದೆವು. 1998ರಲ್ಲಿ ಟಿ. ಎನ್. ಸೀತಾರಾಮ್ ಮತ್ತು ಅವರ ಸಂಗಡಿಗರ ‘ಮಾಯಾಮೃಗ’ ಬಂದಾಗ ಮನೆಗೆಲಸದ ವೇಳಾಪಟ್ಟಿಯೇ ಬದಲಾಯಿತು. ಇವುಗಳನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಆದರೆ ‘ಮಾಯಾಮೃಗ’ದಂಥ ಧಾರಾವಾಹಿಗಳ ಕನ್ನಡ ಬೆಂಗಳೂರು, ಮೈಸೂರಿನ ಓದಿದ ಮನೆಗಳದು, ‘ಗುಡ್ಡದ ಭೂತ’ದ್ದು ತುಳುನಾಡಿನದು. “ಯಾಕಲೇ, ಎಲ್ಲಿಗೆ ಹೊಂಟೀ” ಎನ್ನುವ ನಮ್ಮ ಮಧ್ಯ ಕರ್ನಾಟಕದ ಮಾತಿಗೆ ಅವುಗಳಲ್ಲಿ ಜಾಗವಿರಲಿಲ್ಲ. ಹಿಂದಿ ಹೋಗಿ ಕನ್ನಡ ಬಂದ ಮೇಲೂ ನಾವು ಇನ್ನೊಬ್ಬರ ಪಡಸಾಲೆಯನ್ನೇ ನೋಡುತ್ತಿದ್ದೆವು. ವೈಶಾಲಿ ಕಾಸರವಳ್ಳಿಯವರು ನಿರ್ದೇಶಿಸಿದ ‘ಮೂಡಲ ಮನೆ’ಯಲ್ಲಿ ಉತ್ತರ ಕರ್ನಾಟಕದ ಮಾತು ಮನೆಯ ಯಜಮಾನರ ಬಾಯಲ್ಲಿಯೇ ಕೇಳಿಸಿದಾಗ ಅದು ದಾವಣಗೆರೆಯ ಮಾತು ಅಲ್ಲದಿದ್ದರೂ ನಮ್ಮವರು ಅದನ್ನು ತಮ್ಮದೆಂದೇ ನೋಡಿದರು. ಅಂಥವು ಹೆಚ್ಚು ಬರಲಿಲ್ಲ. ಇಂದಿನ ಧಾರಾವಾಹಿಗಳಲ್ಲಿ ಈ ಧಾಟಿ ಕೇಳಿಸಿದರೆ ಆ ಪಾತ್ರ ಅಡುಗೆಯವನದೋ, ನಗಿಸಲು ಬಂದವನದೋ ಆಗಿರುವುದೇ ಹೆಚ್ಚು ಎಂದು ತಾಯಿ ದೂರುತ್ತಾರೆ; ಅವರ ದೂರು ಸರಿಯಾಗಿದೆ.

ಮರಾಠಿಯವರು ಈ ವಿಷಯದಲ್ಲಿ ಪುಣ್ಯವಂತರು ಎಂದು ನಾನು ಬಹುಕಾಲದಿಂದ ಹೇಳುತ್ತ ಬಂದಿದ್ದೆ. ಸೊಲ್ಲಾಪುರದಿಂದ ಬಂದು ನಮ್ಮ ಕಚೇರಿ ಸೇರಿದ ಗೆಳೆಯರೊಬ್ಬರು ಇದನ್ನು ಕೇಳಿ ತಲೆಯಾಡಿಸಿದರು. ಅವರ ಮನೆಯಲ್ಲಿ ಕನ್ನಡ ಬೆರೆತ ಮರಾಠಿ. ಚಿಮಣರಾವನ ಭಾಷೆ ಅವರಿಗೆ ಪುಣೆಯ ಪೇಟೆಯವರ ಭಾಷೆಯಾಗಿ ಕೇಳಿಸುತ್ತಿತ್ತಂತೆ, ಅವರ ಅಜ್ಜಿಗೆ ಅದರ ನಗೆ ಎಲ್ಲಿದೆಯೆಂದು ಪಕ್ಕದವರು ಹೇಳಬೇಕಾಗುತ್ತಿತ್ತಂತೆ. ಹಾಗೆ ಹೇಳುತ್ತಿದ್ದವರು ಯಾರು ಎಂದು ನಾನು ಕೇಳಿದೆ. ಪುಣೆಯಲ್ಲಿ ಓದಿ ಬಂದಿದ್ದ ಸೋದರಮಾವನೊಬ್ಬ, ರಜೆಗೆ ಬಂದಾಗಲೆಲ್ಲ ಅವನ ಪಕ್ಕ ಕೂರಲು ಜಗಳ ನಡೆಯುತ್ತಿತ್ತು ಎಂದು ಅವರು ಹೇಳಿದರು. ಚಿಮಣರಾವನನ್ನು ಅನುಕರಿಸುವ ಸಹೋದ್ಯೋಗಿಗೆ ಇದು ಹೊಸ ಸುದ್ದಿ. ಅವರಿಬ್ಬರ ನಡುವೆ ಆರಂಭವಾದ ವಾದ ಊಟದ ಹೊತ್ತು ಮುಗಿದರೂ ನಿಲ್ಲಲಿಲ್ಲ.