ಹಬ್ಬದ ಎಣ್ಣೆ ಸಿಂಕಿಗೆ ಇಳಿಯುವ ಮುನ್ನ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಅದರ ಮರುದಿನ ಇಲ್ಲಿನ ಪ್ಲಂಬರ್‌ಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಟರ್ಕಿ ಕೋಳಿಯ ಕೊಬ್ಬು, ಆಲೂಗಡ್ಡೆಯ ಸಿಪ್ಪೆ, ಸೆಲರಿಯ ನಾರು ಎಲ್ಲವೂ ಒಂದೇ ಮಧ್ಯಾಹ್ನ ಸಿಂಕಿಗೆ ಇಳಿದಿರುತ್ತವೆ. ಮನೆ ತುಂಬ ನೆಂಟರಿರುವಾಗಲೇ ನೀರು ಮೇಲಕ್ಕೆ ಉಕ್ಕುತ್ತದೆ.

ನ್ಯೂಜೆರ್ಸಿಯ ನಮ್ಮ ಕನ್ನಡಿಗರಲ್ಲಿ ಹಲವರು ಇದನ್ನು ಮಾಂಸ ಬೇಯಿಸುವವರ ತಾಪತ್ರಯ ಎಂದುಕೊಂಡಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಮ್ಮ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ಚಕ್ಕುಲಿ, ಕೋಡುಬಳೆ, ಕಜ್ಜಾಯ, ಅದರ ಹಿಂದೆಯೇ ಹೋಳಿಗೆಗೆ ತುಪ್ಪ. ಊರಿನಲ್ಲಿ ವರ್ಷದ ಬಹುಪಾಲು ನೀರಾಗಿಯೇ ಇರುವ ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ತುಪ್ಪ ಅದಕ್ಕೂ ಮೊದಲೇ ಹೆಪ್ಪುಗಟ್ಟುತ್ತದೆ. ಇಲ್ಲಿನ ಡಿಸೆಂಬರ್‌ನಲ್ಲಿ ಹೊರಗೋಡೆಗೆ ಅಂಟಿಕೊಂಡಿರುವ ಕೊಳವೆಯೊಳಗೆ ಇವುಗಳ ಗತಿ ಏನಾಗಬೇಕು? ಬಿಸಿನೀರು ಬಿಟ್ಟರೆ ಎಲ್ಲ ಹರಿದುಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಬಿಸಿನೀರು ಜಿಡ್ಡನ್ನು ನಮ್ಮ ಕಣ್ಣಳತೆಯಿಂದ ಹತ್ತು ಅಡಿ ಆಚೆಗೆ ತಳ್ಳುತ್ತದೆ ಅಷ್ಟೆ. ಅಲ್ಲಿ ಅದು ತಣ್ಣಗಾಗಿ ಕೊಳವೆಯ ಒಳಮೈಗೆ ಅಂಟುತ್ತದೆ. ಅದರ ಮೇಲೆ ದೋಸೆಹಿಟ್ಟಿನ ಪಾತ್ರೆ ತೊಳೆದ ನೀರು, ಉಬ್ಬಿದ ಅನ್ನದ ಅಗುಳು, ಕಾಫಿಪುಡಿಯ ಚರಟ, ಹುಣಸೆಹಣ್ಣಿನ ನಾರು ಕೂತರೆ ದಾರಿ ಮುಚ್ಚಿತು ಎಂದೇ ಅರ್ಥ.

ಮನೆಯ ಕೊಳವೆ ದಾಟಿದರೂ ಕಥೆ ಮುಗಿಯುವುದಿಲ್ಲ. ಊರಿನ ಒಳಚರಂಡಿಯಲ್ಲಿ ಕೊಬ್ಬಿನ ಆಮ್ಲಗಳು ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂಥ ಗಟ್ಟಿ ಪದಾರ್ಥವಾಗುತ್ತವೆ. ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯ ಅಡಿಯಲ್ಲಿ 2017ರಲ್ಲಿ ಸಿಕ್ಕ ಅಂಥ ಗಡ್ಡೆ ಸುಮಾರು 250 ಮೀಟರ್ ಉದ್ದವಿತ್ತು, ತೂಕ 130 ಟನ್ ಎಂದು ಅಂದಾಜಿಸಲಾಯಿತು. ಅಡುಗೆಮನೆಗಳ ಜಿಡ್ಡಿಗೆ ಒರೆಸುವ ತೇವದ ಬಟ್ಟೆಗಳು ಹೆಣೆದುಕೊಂಡು ಬೆಳೆದದ್ದು ಅದು. ಅದನ್ನು ಒಡೆದು ತೆಗೆಯಲು ಮನುಷ್ಯರೇ ಕೆಳಗಿಳಿದರು. ಸಿಂಕಿಗೆ ಎಣ್ಣೆ ಸುರಿಯುವ ಪ್ರತಿಯೊಬ್ಬರೂ ಆ ಕಾರ್ಮಿಕರನ್ನು ಒಮ್ಮೆ ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಇಲ್ಲಿನ ಸಿಂಕಿನ ಕೆಳಗೆ ಸಾಮಾನ್ಯವಾಗಿ ಮುಸುರೆಯನ್ನು ಅರೆಯುವ ಒಂದು ಯಂತ್ರವಿರುತ್ತದೆ. ವಿಸ್ಕಾನ್ಸಿನ್ ರಾಜ್ಯದ ರೇಸಿನ್ ಪಟ್ಟಣದ ವಾಸ್ತುಶಿಲ್ಪಿ ಜಾನ್ ಹ್ಯಾಮ್ಸ್ 1927ರಲ್ಲಿ ರೂಪಿಸಿದ್ದು. ಪಕ್ಕದ ನ್ಯೂಯಾರ್ಕ್ ನಗರದ ಬಹುಭಾಗದಲ್ಲಿ 1997ರವರೆಗೂ ಇದಕ್ಕೆ ನಿಷೇಧವಿತ್ತು. ಹಳೆಯ ಒಳಚರಂಡಿ ತಡೆದೀತೇ ಎಂಬ ಭಯ. ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಅದು ಚೂರು ಮಾಡುತ್ತದೆ, ಕರಗಿಸುವುದಿಲ್ಲ. ಗುಂಡಿ ಒತ್ತಿದ ಕೂಡಲೇ ಮುಸುರೆ ಇಲ್ಲವಾಯಿತು ಎಂಬ ಭಾವನೆ ಬಂದುಬಿಡುತ್ತದೆ, ತೊಂದರೆ ಹುಟ್ಟುವುದು ಅಲ್ಲಿ.

ಊರಿನ ನಮ್ಮ ಹಳೆಯ ಮನೆಗಳಲ್ಲಿ ಈ ಭಾವನೆಗೆ ಎಡೆಯೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲವೂ ಕಲಗಚ್ಚಿನ ಬಾನಿಗೆ ಹೋಗಿ ಹಸುವಿನ ಹೊಟ್ಟೆ ಸೇರುತ್ತಿದ್ದವು. ಹಬ್ಬದ ಊಟ ಬಾಳೆಯೆಲೆಯ ಮೇಲೆ, ಎಲೆ ತಿಪ್ಪೆಗೆ. ಜಿಡ್ಡಿನ ಪಾತ್ರೆಗೆ ಮೊದಲು ಬೂದಿ ಹಚ್ಚಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು, ಆಮೇಲೆ ನೀರು. ಅಂದರೆ ಬೇರ್ಪಡಿಸುವ ಕೆಲಸವೆಲ್ಲ ಮೋರಿಗೆ ಮುನ್ನವೇ ಮುಗಿಯುತ್ತಿತ್ತು. ಅದೇ ಮೋರಿ ಹಿತ್ತಿಲಿನಲ್ಲಿ ತೆರೆದುಕೊಂಡು ಸೊಳ್ಳೆ ಸಾಕುತ್ತಿತ್ತು ಎಂಬುದನ್ನೂ ಮರೆಯಬಾರದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಅಭ್ಯಾಸವೂ ಒಳ್ಳೆಯದಾಗಿರಲಿಲ್ಲ. ನಾನು ಆ ಮನೆಯನ್ನು ಮರಳಿ ಕಟ್ಟಿರೆಂದು ಹೇಳುತ್ತಿಲ್ಲ. ಆ ಕ್ರಮವನ್ನು ಮಾತ್ರ ಉಳಿಸಿಕೊಳ್ಳೋಣ ಎನ್ನುತ್ತೇನೆ.

ಅಮೆರಿಕದವರಿಗೂ ಇದು ಹೊಸತಲ್ಲ. ಇಲ್ಲಿನ ಹಳಬರ ಮನೆಗಳಲ್ಲಿ ಒಲೆಯ ಪಕ್ಕ ಒಂದು ಡಬ್ಬಿ ಇರುತ್ತಿತ್ತು, ಹುರಿದು ಉಳಿದ ಕೊಬ್ಬು ಅದಕ್ಕೆ. ಎರಡನೇ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ಬೇಕಾದ ಗ್ಲಿಸರಿನ್ ತಯಾರಿಸಲು ಸರ್ಕಾರ ಮನೆಮನೆಯಿಂದ ಈ ಕೊಬ್ಬನ್ನು ಕೇಳಿತು. ಗೃಹಿಣಿಯರು ಮಾಂಸದಂಗಡಿಗೆ ತಂದುಕೊಟ್ಟರು. ಬೆಲೆಯಿದ್ದ ವಸ್ತು ಕೊಳವೆಗೆ ಹೋಗುತ್ತಿರಲಿಲ್ಲ.

ಈಗ ಮನೆಯೊಳಗೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಕರಿದ ಎಣ್ಣೆ ಆರಿದ ಮೇಲೆ ಬಂದ ಬಾಟಲಿಗೇ ತುಂಬಿ ಮುಚ್ಚಳ ಬಿಗಿಯಿರಿ. ತುಪ್ಪದ ತಟ್ಟೆ, ಒಗ್ಗರಣೆ ಸೌಟನ್ನು ಕಾಗದದಿಂದ ಒರೆಸಿ ತೊಳೆಯಿರಿ. ಸಿಂಕಿಗೊಂದು ಜಾಲರಿ, ಬಚ್ಚಲಿಗೊಂದು ಜಾಲರಿ. ನರಕ ಚತುರ್ದಶಿಯ ಎಣ್ಣೆ ಸ್ನಾನದ ದಿನ ಬಚ್ಚಲಿನ ಜಾಲರಿಯನ್ನು ಪ್ರತಿಯೊಬ್ಬರ ಸ್ನಾನವಾದ ಮೇಲೂ ತೆಗೆದು ನೋಡಿ. ಎಣ್ಣೆಗೂದಲು ಮತ್ತು ಕಡಲೆಹಿಟ್ಟು ಸೇರಿದರೆ ಬಿಡಿಸುವುದು ಕಷ್ಟ. ಕೊಳವೆ ಕಟ್ಟಿಕೊಂಡೇಬಿಟ್ಟರೆ ಅದನ್ನು ಬಿಡಿಸುವ ಕ್ಷಾರದ ಪುಡಿ ಸುರಿಯಲು ಅವಸರ ಬೇಡ. ಅದು ನಿಂತ ನೀರಿನಲ್ಲಿ ಹಾಗೇ ಉಳಿದು, ಕೊಳವೆ ಬಿಚ್ಚುವ ಪ್ಲಂಬರ್‌ನ ಕೈ, ಕಣ್ಣು ಸುಡಬಲ್ಲದು. ಸುರಿದಿದ್ದರೆ ಬಾಗಿಲಲ್ಲೇ ಅವರಿಗೆ ತಿಳಿಸಿ. ಒಂದು ರಾಸಾಯನಿಕ ಕೆಲಸ ಮಾಡಲಿಲ್ಲವೆಂದು ಅದರ ಮೇಲೆ ಇನ್ನೊಂದನ್ನು ಎಂದಿಗೂ ಸುರಿಯಬೇಡಿ, ವಿಷಾನಿಲ ಏಳಬಹುದು.

ಮನೆಗಿಂತ ದೊಡ್ಡ ಬಾಣಲೆ ಇರುವುದು ನಮ್ಮ ಕನ್ನಡ ಸಂಘಗಳಲ್ಲಿ. ದೀಪಾವಳಿ, ರಾಜ್ಯೋತ್ಸವ ಒಟ್ಟಿಗೆ ಬರುವ ದಿನಗಳಲ್ಲಿ ಬಾಡಿಗೆ ಸಭಾಂಗಣದ ಅಡುಗೆಮನೆಯಲ್ಲಿ ನೂರಾರು ಜನರಿಗೆ ಬೋಂಡ ಕರಿಯುತ್ತೇವೆ. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆ ಆರಂಭಿಸಿತು. ಇಲ್ಲಿಯೂ ಕೆಲವು ಪಟ್ಟಣಗಳ ಮರುಬಳಕೆ ಕೇಂದ್ರಗಳು ಅಡುಗೆ ಎಣ್ಣೆಯನ್ನು ತೆಗೆದುಕೊಳ್ಳುತ್ತವೆ. ಊಟದ ಸಮಿತಿಯವರು ಈ ಸಲದ ಪಟ್ಟಿಯಲ್ಲಿ ಬಾಳೆಯೆಲೆ, ದೊನ್ನೆಗಳ ಜೊತೆ ಮುಚ್ಚಳವಿರುವ ಎರಡು ದೊಡ್ಡ ಡಬ್ಬಗಳನ್ನೂ ಸೇರಿಸಲಿ. ಮನೆಯಲ್ಲಿ ತುಂಬಿಟ್ಟ ಎಣ್ಣೆಯನ್ನೂ ಸದಸ್ಯರು ಅಂದೇ ತಂದುಕೊಡಲಿ. ಅದನ್ನು ಮರುಬಳಕೆ ಕೇಂದ್ರಕ್ಕೆ ಒಯ್ಯುವ ಜವಾಬ್ದಾರಿಗೆ ನನ್ನ ಹೆಸರನ್ನು ಬರೆದುಕೊಳ್ಳಬಹುದು.