ಸತ್ಯಾಂಶ: ಪೈ ಅಂದರೆ 22/7 ಅಲ್ಲ
‘ಪೈ ಬೆಲೆ ಕರಾರುವಾಕ್ಕಾಗಿ 22/7, ಅದನ್ನು ಕಂಡುಹಿಡಿದವನು ಆರ್ಯಭಟ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಎರಡೂ ಸರಿಯಲ್ಲ.

ಮೊದಲು ಲೆಕ್ಕ ನೋಡೋಣ. ವೃತ್ತದ ಸುತ್ತಳತೆಯನ್ನು ಅದರ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಪೈ. 22ನ್ನು 7ರಿಂದ ಭಾಗಿಸಿದರೆ 3.142857142857... ಹೀಗೆ 142857 ಅನ್ನೋದೇ ಸುತ್ತಿ ಸುತ್ತಿ ಬರುತ್ತದೆ. ಪೈ ಮಾತ್ರ 3.14159265... ಎಂದು ಸಾಗುತ್ತದೆ. ಅಂದರೆ ಮೂರನೇ ದಶಮಾಂಶ ಸ್ಥಾನದಲ್ಲೇ ದಾರಿ ಬೇರೆ ಆಯಿತು, ಅಲ್ವಾ? 1 ಕಿಲೋಮೀಟರ್ ವ್ಯಾಸದ ವೃತ್ತದ ಸುತ್ತಳತೆಯನ್ನು 22/7 ಹಾಕಿ ಲೆಕ್ಕ ಮಾಡಿದರೆ ಸುಮಾರು 1.26 ಮೀಟರ್ ಜಾಸ್ತಿ ಬರುತ್ತದೆ. ಶಾಲೆಯ ಲೆಕ್ಕಕ್ಕೆ 22/7 ಧಾರಾಳ ಸಾಕು, ಬಿಡಿ.

ಇನ್ನು ಕಂಡುಹಿಡಿದವರ ವಿಷಯ. ಆರ್ಯಭಟನಿಗಿಂತ ಎರಡು ಸಾವಿರ ವರ್ಷಕ್ಕೂ ಮೊದಲೇ ಬ್ಯಾಬಿಲೋನಿನವರು 3.125 ಬಳಸಿದ್ದರು. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ವೃತ್ತದ ಒಳಗೂ ಹೊರಗೂ ಆರು ಬದಿಯ ಆಕೃತಿ ಬರೆದು, ಬದಿಗಳನ್ನು 12, 24, 48, ಕೊನೆಗೆ 96ರವರೆಗೆ ಹೆಚ್ಚಿಸುತ್ತಾ ಹೋಗಿ, ಪೈ 223/71ಕ್ಕಿಂತ ದೊಡ್ಡದು, 22/7ಕ್ಕಿಂತ ಚಿಕ್ಕದು ಎಂದು ತೋರಿಸಿದ. ಅಂದರೆ 22/7 ಬರೀ ಮೇಲಿನ ಗಡಿ!

ಹಾಗಂತ ಆರ್ಯಭಟನದು ಸಣ್ಣ ಸಾಧನೆಯೇನಲ್ಲ. ಕ್ರಿ.ಶ. 499ರಲ್ಲಿ ಅವನು ಕೊಟ್ಟಿದ್ದು 62832/20000, ಅಂದರೆ 3.1416. ಇದು 22/7ಕ್ಕಿಂತ ಎಷ್ಟೋ ನಿಖರ. ಇದು ಅಂದಾಜು ಅಂತ ಅವನೇ ಹೇಳಿದ್ದ, ಫಾರ್ವರ್ಡ್ ಮಾಡುವವರು ಅದನ್ನೇ ಸುಮ್ನೆ ಬಿಟ್ಟುಬಿಡುತ್ತಾರೆ. 14ನೇ ಶತಮಾನದ ಹೊತ್ತಿಗೆ ಕೇರಳದ ಮಾಧವ, ಮುಗಿಯದ ಸರಣಿಯೊಂದನ್ನು ಕೂಡಿಸಿ ಕಳೆದು ಪೈ ಹತ್ತಿರಕ್ಕೆ ಹೋಗುವ ದಾರಿ ಕಂಡುಕೊಂಡ. ಪೈಯನ್ನು ಯಾವ ಭಿನ್ನರಾಶಿಯಾಗಿಯೂ ಬರೆಯಲು ಆಗುವುದಿಲ್ಲ ಎಂದು 1760ರ ದಶಕದಲ್ಲಿ ಸಾಧಿಸಿದ್ದು ಯುರೋಪಿನ ಗಣಿತಜ್ಞ ಲ್ಯಾಂಬರ್ಟ್.